ಗುರುವಿನ ಹೆಸರು ಕೇಳಿದಾಗ

ನಾನು ಸುಳ್ಳು ಹೇಳಿದೆ, ರೇಣುಕಾ — ತುಂಬಿದ ಸಭೆಯಲ್ಲಿ, ಮೈಕಿನ ಮುಂದೆ, ನೀನು ಕೇಳಿಸಿಕೊಳ್ಳುತ್ತಿರುವಾಗಲೇ. ಅದಕ್ಕೀಗ ಆರು ವರ್ಷ.

ಅವಮಾನಗಳನ್ನು ನಾನು ಮರೆಯುವವನಲ್ಲ. ಅದಕ್ಕೂ ಹಿಂದಿನ ವರ್ಷ ಕಲ್ಯಾಣ ರೈಲು ನಿಲ್ದಾಣದ ಸೇತುವೆಯ ಇಪ್ಪತ್ತಮೂರನೆಯ ಮೆಟ್ಟಿಲಿನಲ್ಲಿ ಏದುಸಿರು ಬಿಡುತ್ತ ನಿಂತಿದ್ದೆ. ಮದುವೆಯೊಂದಕ್ಕೆ ಹೊರಟಿದ್ದ ಎರಡೂ ಮನೆಯವರಿಗೆ ಕೇಳುವಂತೆ ನನ್ನ ಮಗಳ ಮಾವ ಮಲ್ಲಪ್ಪನವರು ಮೇಲಿನಿಂದ ಕೂಗಿದರು: “ಬೀಗರ, ಅಲ್ಲೇ ಕುಂದರ್ರಿ! ತಿರುಗಿ ಬರೂಮುಂದ ಕರ್ಕೊಂಡ ಹೋಗ್ತೀವಿ!”

ಆಗ ಎಲ್ಲರೂ ನಕ್ಕ ನಗುವಿಗೆ ಉತ್ತರ ಕೊಡಲೆಂದೇ ತರಬೇತುದಾರರನ್ನು ಹುಡುಕಿದೆ. ಕನ್ನಡ ಸಂಘದ ಹಿರಿಯರ ನಡಿಗೆ ಸ್ಪರ್ಧೆಯಲ್ಲಿ ಪ್ರತಿವರ್ಷ ಮಲ್ಲಪ್ಪನವರದೇ ಗೆಲುವು. ಎಂಟು ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಮೂವರನ್ನು ಮನೆಗೆ ಕರೆಸಿದೆ. ಮಹಾಪೆಯ ಜಿಮ್ಮಿನವನು ಮೂರನೆಯ ಪ್ರಶ್ನೆಯ ನಡುವೆ ಫೋನು ನೋಡಿದ. ಇನ್ನೊಬ್ಬ ನನ್ನ ಹೊಟ್ಟೆ ತಟ್ಟಿ “ಹೋ ಜಾಯೇಗಾ, ಅಂಕಲ್” ಎಂದ. ಇಬ್ಬರಿಗೂ ಚಹಾ ಕೊಡಲಿಲ್ಲ. ಲೋಕಲ್ ರೈಲಿನಲ್ಲಿ ದಿವಾದಿಂದ ಬಂದ ನೀನು — ಕಲಬುರ್ಗಿಯಿಂದ ಗಾರೆ ಕೆಲಸಕ್ಕೆ ಬಂದವರ ಮಗಳು — ಎಂಟಕ್ಕೂ ಉತ್ತರಿಸಿ, ಒಂದನ್ನು ನೀನೇ ಕೇಳಿದೆ: “ಅಜ್ಜಾ, ಯಾರಿಗಿ ಸೋಲಸ್ಬೇಕಾಗ್ಯಾದ?”

ಆ ಕ್ಷಣವೇ ನಿನ್ನನ್ನು ಆರಿಸಿದೆ.

ಹತ್ತು ತಿಂಗಳು, ದಿನವೂ ಮುಂಜಾನೆ, ಹಿಮ್ಮಡಿ ಊರುವುದರಿಂದ ಹಿಡಿದು ಹೆಗಲು ಕುಸಿಯದಂತೆ ಉಸಿರಾಡುವವರೆಗೆ ಎಲ್ಲವನ್ನೂ ನೀನು ನನಗೆ ಕಲಿಸಿದೆ. ಗೆದ್ದವರು ತಮ್ಮ ಗುರುವನ್ನು ವೇದಿಕೆಗೆ ಕರೆದು ಶಾಲು ಹೊದಿಸುವುದು ಸಂಘದ ಪದ್ಧತಿ. ನೀನದನ್ನು ತಿಳಿದಿದ್ದೆ. “ಅವತ್ತ ಶಾಲ್ ಹೊಚ್ಚಿದ್ರ ನಾಕ ಮಂದಿ ಹಿರಿಯರು ನನಗ ಕರೀತಾರ್ರಿ. ಜಿಮ್ಮಿನ್ಯಾಗ ಕಸ ಹೊಡಿಯೋದು ತಪ್ತದ” ಎಂದಿದ್ದೆ.

ಎಂತಹ ಗೆಲುವು ಅದು! ಸ್ಪರ್ಧೆ ನಡೆದ ಕೆರೆಯ ಮೂರನೆಯ ಸುತ್ತಿನಲ್ಲಿ ಮಲ್ಲಪ್ಪನವರನ್ನು ದಾಟುವಾಗ ಹೇಳಿಯೇಬಿಟ್ಟೆ: “ಬೀಗರ, ಇಲ್ಲೇ ಕುಂದರ್ರಿ!” ಆ ಮಾತಿನ ಬಗ್ಗೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ.

ಪಶ್ಚಾತ್ತಾಪ ಅನಂತರದ್ದು. ವೇದಿಕೆಯಲ್ಲಿ ಅಧ್ಯಕ್ಷರು ಗುರುವಿನ ಹೆಸರು ಕೇಳಿದರು. ಮುಂದಿನ ಸಾಲಿನಿಂದ ಮಲ್ಲಪ್ಪನವರು, “ಹೇಳ್ರಿ ಬೀಗರ, ಎಪ್ಪತ್ತಕ್ಕ ನಡಿಯಾಕ ಕಲಿಸಿದವರು ಯಾರು?” ಎಂದರು. ಸಭೆ ನಕ್ಕಿತು. ಬಾಗಿಲ ಬಳಿ ನಿನ್ನ ತಾಯಿಯೊಂದಿಗೆ ನೀನು — ಅಂದು ಮೊದಲ ಸಲ ಸೀರೆಯುಟ್ಟು, ನನ್ನ ನೀರಿನ ಬಾಟಲಿ ಹಿಡಿದು —

“ಗುರು ಯಾರೂ ಇಲ್ಲ. ನಾನೇ ಕಲಿತೆ.”

ಆ ನಗುವೊಂದಕ್ಕೇ ಅಂಜಿದೆ ಎಂದರೆ ಅರ್ಧ ಸತ್ಯ. ನೀನು ದೊಡ್ಡ ಜಿಮ್ಮಿನವಳಾಗಿದ್ದರೆ ಹೆಸರು ಹೇಳುತ್ತಿದ್ದೆ. ದಿವಾದ ಗಾರೆಯವರ ಮಗಳೆಂಬುದು ನಾಲಿಗೆಯನ್ನು ಕಟ್ಟಿತು.

ಹೊರಬಂದಾಗ ನೀನು ಬಾಟಲಿಯನ್ನು ಕೊಟ್ಟು ಒಂದೇ ಮಾತು ಹೇಳಿದೆ: “ಕಡೀ ಸುತ್ತಿನ್ಯಾಗ ಹೆಗಲ ಬಿಟ್ರಿ, ಅಜ್ಜಾ.” ಮರುದಿನ ಮುಂಜಾನೆ ನೀನು ಬರಲಿಲ್ಲ. ಸಂಘದಿಂದ ಯಾರೂ ನಿನ್ನನ್ನು ಕಲಿಸಲು ಕರೆಯಲಿಲ್ಲ — ಕರೆಯುವುದಾದರೂ ಹೇಗೆ?

ನೀನು ಕಲಿಸಿದ ನಡಿಗೆಯಿಂದಲೇ ಅಂದಿನಿಂದ ಪ್ರತಿವರ್ಷ ಗೆದ್ದಿದ್ದೇನೆ. ಸ್ಪರ್ಧೆಯ ಅರ್ಜಿಯಲ್ಲಿ ಗುರುವಿನ ಹೆಸರಿನ ಜಾಗವನ್ನು ಪ್ರತಿವರ್ಷ ಖಾಲಿ ಬಿಟ್ಟಿದ್ದೇನೆ. ಇತರರು ನನಗೆ ಮಾಡಿದ ಅವಮಾನಗಳೆಲ್ಲ ದಿನ, ಸ್ಥಳ ಸಹಿತ ನೆನಪಿವೆ. ನಾನು ಮಾಡಿದ ಇದೊಂದನ್ನು ಮಾತ್ರ — ಮರೆತಂತೆ ನಟಿಸಿದೆ.

ಈ ಸಲ ಆ ಜಾಗದಲ್ಲಿ ಶಾಯಿಯಿಂದ ಬರೆದುಕೊಟ್ಟಿದ್ದೇನೆ: ರೇಣುಕಾ, ದಿವಾ. ಭಾನುವಾರ ಸ್ಪರ್ಧೆ. ಬಾ ಎಂದು ಕರೆಯುವ ಹಕ್ಕು ನನಗಿಲ್ಲ. ಆದರೆ ಗೆಲ್ಲುತ್ತೇನೆ — ಆ ಮೈಕು ನನ್ನ ಕೈಗೆ ಬರಲು ಬೇರೆ ದಾರಿಯಿಲ್ಲ. ಮಲ್ಲಪ್ಪನವರು ಮುಂದಿನ ಸಾಲಿನಲ್ಲೇ ಕುಳಿತಿರಲಿ, ಮನಸಾರೆ ನಗಲಿ.

ಕೊನೆಯ ಸುತ್ತಿನಲ್ಲಿ ಹೆಗಲು ಬಿಡುವುದಿಲ್ಲ.