ಜಯಮ್ಮನವರು ಆ್ಯಪ್ ಕಟ್ಟಿಸಿದ್ದು

ತೀರಿಕೊಂಡವರ ಹೆಸರು ಎದ್ದು ಬಂದು, "ಇವರನ್ನು ಮದುವೆಗೆ ಇನ್ನೂ ಕರೆದಿಲ್ಲ" ಎಂದು ಫೋನು ಅವರ ಮಕ್ಕಳ ಎದುರಿಗೇ ಕೂಗಬಹುದಿತ್ತು. ಊರಿನ ಇಬ್ಬರು ಮುನಿರಾಜುಗಳು ಆ್ಯಪಿನೊಳಗೆ ಒಬ್ಬರಾಗಿ, ಒಂದು ಮನೆಗೆ ಎರಡು ಕಾರ್ಡು, ಇನ್ನೊಂದು ಮನೆಗೆ ಶಾಶ್ವತ ವೈರ ಗಂಟುಬೀಳಬಹುದಿತ್ತು. ನಂಟರ ನಂಬರುಗಳೆಲ್ಲ ಸೋರಿಹೋಗಿ ಅವರಿಗೆ ದಿನಕ್ಕಿಷ್ಟು ಮೋಸದ ಕರೆಗಳು ಬರಬಹುದಿತ್ತು. ಕಾರ್ಡು ಹಂಚುವ ಹೊತ್ತಿಗೆ ಸರಿಯಾಗಿ ಆ್ಯಪ್ ತೆರೆಯದೇ ಹೋಗಬಹುದಿತ್ತು. ನನ್ನ ಲ್ಯಾಪ್‌ಟಾಪೇ ಸುಟ್ಟುಹೋಗಬಹುದಿತ್ತು. ಹೋದರೆ ಮನೆ ಓನರನ್ನು ಅದರ ದುಡ್ಡು ಕೇಳುವುದಾದರೂ ಹೇಗೆ?

ಇದನ್ನೆಲ್ಲ ನಾನು ಒಂದೂ ಬಿಡದೆ ಜಯಮ್ಮನವರ ಮುಂದೆ ಹೇಳಿದ್ದೆ. ಅವರು ಅವರೆಕಾಯಿ ಬಿಡಿಸುತ್ತ ಪೂರ್ತಿ ಕೇಳಿಸಿಕೊಂಡರು.

"ಪಾಟೀಲ್ರೇ, ಇಷ್ಟೊಂದು ಎದ್ರುಕೊಳ್ತೀರಲ್ಲ, ತಿಂದಿದ್ದು ಎಂಗೆ ಅರಗ್ತದೆ ನಿಮ್ಗೆ?"

"ಅರಗಂಗಿಲ್ರೀ ಅಮ್ಮಾ," ಎಂದೆ. ಸುಳ್ಳೇನೂ ಹೇಳಿರಲಿಲ್ಲ.

ಕೋಗಿಲಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಯಜಮಾನಿ ಜಯಮ್ಮ. ಅವರದು ನೆಲಮಹಡಿ, ನಮ್ಮದು ಮೇಲಿನದು. ನಾನು ಗದಗಿನ ಕಡೆಯವನು, ಯಲಹಂಕದ ಒಂದು ಕಾಲೇಜಿನ ಆಫೀಸಿನಲ್ಲಿ ಫೈಲುಗಳ ನಡುವೆ ಬಾಳುವವನು. ಅವರು ಹುಟ್ಟಾ ಆ ಊರಿನವರು. ಒಂದು ಕಾಲಕ್ಕೆ ದ್ರಾಕ್ಷಿ ಚಪ್ಪರವಿದ್ದ ಜಾಗದಲ್ಲಿ ಮೂರಂತಸ್ತು ಎಬ್ಬಿಸಿದ್ದರು. ಎಬ್ಬಿಸಿದ್ದು ಎಂದರೆ ಅಕ್ಷರಶಃ ಅವರೇ. ಇಂಜಿನಿಯರ್ ಬರೆದುಕೊಟ್ಟ ನಕ್ಷೆಯನ್ನು ಮಡಿಸಿ ಬೀಸಣಿಗೆ ಮಾಡಿಕೊಂಡು, ಮರಳಿನ ಗುಡ್ಡೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿ, ಕೊಡೆ ಹಿಡಿದು ಕೂತರಂತೆ. ಗಾರೆಯವರು "ಆಯ್ತಮ್ಮ" ಅಂದಾಗಲೆಲ್ಲ ಎದ್ದುಹೋಗಿ ಗೋಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡುವುದು, ತಾರಸಿಗೆ ನಾಲ್ಕು ಕೊಡ ನೀರು ಸುರಿದು ಎಲ್ಲಿ ನಿಲ್ಲುತ್ತದೆ ಎಂದು ಕಾಯುವುದು. ಮೇಸ್ತ್ರಿಯ ಮಾತು ನಂಬುವುದಿಲ್ಲ, ಹಾಗೆಂದು ಅವನ ಮೇಲೆ ರೇಗುವುದೂ ಇಲ್ಲ. "ಕೆಡವಪ್ಪ, ಇನ್ನೊಂದ್ಸಲ ಕಟ್ಟು," ಅಷ್ಟೇ. ಕರಣೆ ಹಿಡಿಯಲು ಬರುತ್ತಿತ್ತೇ ಎಂದು ನಾನೊಮ್ಮೆ ಕೇಳಿದ್ದಕ್ಕೆ ಹೇಳಿದ್ದರು: "ಕೆಲ್ಸ ಬರ್ದಿದ್ರೂ ಮಾಡುಸ್ಬೋದು ಪಾಟೀಲ್ರೇ. ಏನು ಬೇಕು ಅಂತ್ಲೇ ಗೊತ್ತಿಲ್ದೋರು ಮಾತ್ರ ಮಾಡುಸಕ್ಕಾಗಲ್ಲ."

ಅವರಿಗೆ ಏನು ಬೇಕು ಎಂಬುದು ಚೆನ್ನಾಗಿ ಗೊತ್ತಿತ್ತು. ಕಿರಿಮಗಳು ಲತಾಳ ಮದುವೆಯ ಕರೆಯಲ್ಲಿ ಒಂದು ಮನೆಯೂ ತಪ್ಪಬಾರದು. ದೊಡ್ಡ ಮಗಳ ಮದುವೆಯಲ್ಲಿ ಒಂದು ಮನೆ ತಪ್ಪಿತ್ತು. ಅದೂ ಎಂಥ ಮನೆ! ಅವರ ಯಜಮಾನರ ಅಣ್ಣನದು, ಅಬ್ಬಿಗೆರೆಯಲ್ಲಿ. ನೀನು ಹೋಗಿರುತ್ತೀಯ ಎಂದು ಗಂಡ, ನೀವು ಹೋಗಿರುತ್ತೀರಿ ಎಂದು ಹೆಂಡತಿ, ಕೊನೆಗೆ ಯಾರೋ ಸಿಕ್ಕವರ ಕೈಯಲ್ಲಿ ಕಾರ್ಡು ಕಳಿಸಿದರು. ಕುಂಕುಮವಿಟ್ಟು ಕರೆಯದ ಮದುವೆಗೆ ಅಣ್ಣನ ಮನೆಯವರು ಬರಲಿಲ್ಲ. ಆಮೇಲೆ ಹಬ್ಬಕ್ಕೂ ಬರಲಿಲ್ಲ, ಸಾವಿಗೂ ಬರಲಿಲ್ಲ. ಓರಗಿತ್ತಿಯ ಹೆಸರೆತ್ತಿದರೆ ಜಯಮ್ಮನಂಥ ಜಯಮ್ಮನ ದನಿಯೂ ತಗ್ಗುತ್ತಿತ್ತು. "ಇದೇ ಕೊನೇ ಮದ್ವೆ ನಮ್ಮನೇಲಿ. ಅಕ್ಕ ಇದುಕ್ಕೂ ಬರ್ನಿಲ್ಲ ಅಂದ್ರೆ ಇನ್ನೆಲ್ಲಿ ಸೇರೋದು ನಾವು?"

ಒಂದು ಭಾನುವಾರ ಮೆಟ್ಟಿಲ ಮೇಲೆ ಅವರ ಹೆಜ್ಜೆ ಸದ್ದಾಯಿತು. "ಪಾಟೀಲ್ರೇ, ನಿಮ್ ಲ್ಯಾಪ್‌ಟಾಪ್ ತಗಳಿ. ಒಬ್ಬ ಮೇಸ್ತ್ರಿ ಸಿಕ್ಕವ್ನೆ. ಟೀ ಕೇಳಲ್ಲ, ಬೀಡಿ ಕೇಳಲ್ಲ, ಅಮಾಸೆ ರಜಾ ಕೇಳಲ್ಲ."

ಮೇಸ್ತ್ರಿ ಎಂದರೆ ಎಐ. ಗುಲಾಬಿ ಗಿಡದ ಹುಳಕ್ಕೆ ಮದ್ದು ಕೇಳಲು ಲತಾ ಅದನ್ನು ಅವರ ಫೋನಿಗೆ ಹಾಕಿಕೊಟ್ಟಿದ್ದಳು. ಮದ್ದು ಫಲಿಸಿದ ಮೇಲೆ ಜಯಮ್ಮ "ಇನ್ನೇನ್ ಬರ್ತದಪ್ಪಾ ನಿಂಗೆ?" ಎಂದು ವಿಚಾರಿಸಿದ್ದಾರೆ, ಆ್ಯಪ್ ಕೂಡ ಮಾಡಿಕೊಡಬಲ್ಲೆ ಎಂದು ಅದು ಒಪ್ಪಿಕೊಂಡುಬಿಟ್ಟಿದೆ.

ಹೀಗೆ ನಮ್ಮ ನಡುಮನೆಯಲ್ಲಿ ಪಾಯ ತೋಡಿದ್ದಾಯಿತು. ಪ್ರೋಗ್ರಾಮಿಂಗ್ ನನಗೂ ಬಾರದು, ಅವರಿಗೂ ಬಾರದು. ಅವರು ಮೈಕಿನಲ್ಲಿ ಹೇಳುವುದು, ಅದು ಕೋಡ್ ಬರೆಯುವುದು, ಅದು ತೋರಿಸಿದ ಗುಂಡಿಯನ್ನು ನಾನು ಒತ್ತುವುದು. ಒತ್ತುವ ಮೊದಲು ಒಮ್ಮೆ, ಒತ್ತಿದ ಮೇಲೆ ಒಮ್ಮೆ ಹೆದರುವುದು ನನ್ನ ಪಾಲಿನ ಹೆಚ್ಚುವರಿ ಕೆಲಸ.

ಬೇಡಿಕೆ ಸರಳವಾಗಿತ್ತು. ಕರೆಯಬೇಕಾದ ಮನೆಗಳೆಲ್ಲ ಪರದೆಯ ಮೇಲಿರಬೇಕು. ಕಾರ್ಡು ಕೊಟ್ಟು ಬಂದು ಒತ್ತಿದರೆ ಆ ಮನೆ ಪರದೆಯಿಂದ ಹೋಗಿ ಕರೆದಾದವರ ಪಟ್ಟಿಗೆ ಸೇರಬೇಕು. ಕೊನೆಗೆ ಪರದೆ ಖಾಲಿಯಾದರೆ ಯಾರೂ ಉಳಿದಿಲ್ಲ ಎಂದರ್ಥ. ಮೇಸ್ತ್ರಿ ಅರ್ಧ ತಾಸಿನಲ್ಲಿ ಕಟ್ಟಿ ಮುಗಿಸಿದ. ಮೇಲಾಗಿ, ನಿಮ್ಮ ಸಮಯವೂ ಪೆಟ್ರೋಲೂ ಉಳಿಯಲಿ ಎಂದು ಮನೆಗಳನ್ನು ದೂರದ ಪ್ರಕಾರ ಜೋಡಿಸಿದ್ದೇನೆ, ಹತ್ತಿರದ್ದು ಮೊದಲು ಎಂದ. ನನಗೆ ಭಲೇ ಅನ್ನಿಸಿತು. ಜಯಮ್ಮ ಫೋನನ್ನು ಕಣ್ಣಿಂದ ದೂರ ಹಿಡಿದು ಓದಿದರು. ಪಕ್ಕದ ಬೀದಿಯ ಹಾಲಿನವರ ಮನೆ ಮೊದಲು. ಅಬ್ಬಿಗೆರೆ ಎಲ್ಲೋ ತಳದಲ್ಲಿ.

"ಯಾವೂರೋನಪ್ಪ ನೀನು?" ಎಂದು ಮೈಕಿಗೆ ಹೇಳಿದರು. "ಅತ್ರ ಐತೆ ಅಂತ ಮೊದ್ಲು ಕರೀತಾರಾ? ಮೊದ್ಲು ಮನೆದೇವ್ರು. ಆಮೇಲೆ ಯಜಮಾನ್ರ ಅಣ್ಣನ ಮನೆ. ಆಮೇಲೆ ಸೋದರಮಾವ. ಆಮೇಲೆ ಬೀಗ್ರು, ಬಿಜ್ರು. ಆಲಿನೋರ್ಗೆ ಕೊಟ್ಬುಟ್ಟು ಆಮೇಲೆ ಅಕ್ಕನ ಮನೆಗೋದ್ರೆ, ಕಾರ್ಡ್ನ ಮಕುಕ್ಕೆ ಎಸೀತಾರೆ."

ನೀವು ಹೇಳಿದ್ದು ಸರಿ, ಕ್ಷಮೆಯಿರಲಿ ಎಂದಿತು ಯಂತ್ರ.

"ತಪ್ಪಾಯ್ತು ಅನ್ನಕ್ಕೆ ಬಾಳ ಬೇಗ ಬರ್ತದೆ ಈ ವಯ್ಯಂಗೆ," ಎಂದು ನನ್ನತ್ತ ತಿರುಗಿ ಹೇಳಿ, ಮತ್ತೆ ಮೈಕಿಗೆ: "ಕೆಡವಪ್ಪ. ಇನ್ನೊಂದ್ಸಲ ಕಟ್ಟು."

ಕೆಡವಿದ, ಕಟ್ಟಿದ. ಇಬ್ಬರು ಮುನಿರಾಜುಗಳನ್ನು ಬೇರೆ ಮಾಡಲು ಮತ್ತೆ ಕೆಡವಿದ. ಒಂದು ಹಂತದಲ್ಲಿ ಎಲ್ಲವೂ ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ಅವನು ಎದೆತಟ್ಟಿ ಹೇಳಿದ ಬೆನ್ನಿಗೇ ಇಡೀ ಪರದೆ ಬೆಳ್ಳಗಾಯಿತು. ನಾನು ಎಲ್ಲ ಮುಚ್ಚಿಬಿಡಲು ಹೋದೆ. ಜಯಮ್ಮ ಹಾಯಾಗಿದ್ದರು. "ಗಾರೆಯೋರೂ ಇಂಗೇ ಕಣ್ರಿ. ಲೆವೆಲ್ ಐತಮ್ಮ ಅಂದ ದಿನ್ವೇ ನೋಡ್ಬೇಕು. ಏನಾಯ್ತು ಅಂತ ಅವನ್ನೇ ಕೇಳಿ."

ಕೇಳಿದೆ. ಅವನೇ ತನ್ನ ತಪ್ಪು ಹುಡುಕಿ ತಿದ್ದಿದ. ಐವತ್ತು ದಾಟಿದ ಈ ವಯಸ್ಸಿನಲ್ಲಿ, ಕೆಟ್ಟದ್ದು ರಿಪೇರಿಯಾಗುವುದನ್ನು ಕಣ್ಣಾರೆ ನೋಡುವುದು ನನ್ನಂಥವನಿಗೆ ಚಿಕಿತ್ಸೆಯಿದ್ದಂತೆ.

ಮನೆದೇವರ ಮುಂದೆ ಕಾರ್ಡು ಇಟ್ಟ ದಿನವೇ ಗಂಡ ಹೆಂಡತಿ ಅಬ್ಬಿಗೆರೆಗೆ ಹೊರಟರು. ಯಜಮಾನರು ಮಾತು ಕಡಿಮೆಯ ಮನುಷ್ಯ. ಅವತ್ತು ಸ್ಕೂಟರನ್ನು ಎರಡು ಸಲ ಒರೆಸಿದರು. ಸಂಜೆ ಹಿಂತಿರುಗಿದ ಜಯಮ್ಮ ನೇರ ನಮ್ಮ ಮನೆಗೇ ಹತ್ತಿ ಬಂದರು. ಓರಗಿತ್ತಿ ಬಾಗಿಲಲ್ಲೇ ನಿಲ್ಲಿಸಿ, "ಊರೆಲ್ಲ ಕರ್ದಾಯ್ತಾ? ಈಗ ನಮ್ ನೆನಪಾಯ್ತಾ?" ಎಂದರಂತೆ. ಜಯಮ್ಮ ಫೋನು ತೆಗೆದು ಅವರ ಕೈಗಿತ್ತರಂತೆ. ಕೋಗಿಲು, ಯಲಹಂಕ, ಜಕ್ಕೂರು, ಊರಿಗೆ ಊರೇ ಇನ್ನೂ ಪರದೆಯ ಮೇಲಿದೆ. ಎಲ್ಲಕ್ಕೂ ಮೇಲೆ ಅವರದೇ ಹೆಸರು.

"ಏನಂದ್ರು?" ನಮ್ಮವಳು, ಸುಮಾ, ಕೇಳಿದಳು.

"ಏನಂತಾರೆ? 'ಕನ್ನಡಕ ತತ್ತೀನಿ ಇರು' ಅಂತ ಒಳಕ್ಕೋದ್ರು. ಬರೋವಾಗ ಚೊಂಬಲ್ಲಿ ನೀರು ತಂದ್ರು." ಅಷ್ಟು ಹೇಳಿ ಜಯಮ್ಮ ಸೆರಗಿನಿಂದ ಮುಖವನ್ನೆಲ್ಲ ಒರೆಸಿಕೊಂಡರು. ಸೆಕೆ ಎಂದರು. ಸೆಕೆಯೇನೂ ಇರಲಿಲ್ಲ.

ಆಮೇಲೆ ದಿನವೂ ಪರದೆ ಬರಿದಾಗುತ್ತ ಬಂತು. ಅಂಗಳದಲ್ಲಿ ಚಪ್ಪರವೆದ್ದಿತು. ಅಬ್ಬಿಗೆರೆಯವರು ಎರಡು ದಿನ ಮೊದಲೇ ಬಂದು ಇಳಿದರು. ಓರಗಿತ್ತಿಯರಿಬ್ಬರೂ ಒಬ್ಬರ ಮಾತಿನ ಮೇಲೆ ಒಬ್ಬರು ಮಾತಾಡುವುದು ಮೇಲಿನವರೆಗೂ ಕೇಳುತ್ತಿತ್ತು.

ಕೇಳುತ್ತಿತ್ತು, ಆದರೆ ನಾವು ಇಳಿಯುವಂತಿರಲಿಲ್ಲ. ನಮ್ಮನ್ನು ಕರೆದಿರಲಿಲ್ಲ.

ಇವತ್ತು ಕರೆಯುತ್ತಾರೆ, ನಾಳೆ ಕರೆಯುತ್ತಾರೆ ಎಂದು ಕಾದೆವು. ನಾನು ಕಾರಣಗಳನ್ನು ಹುಡುಕತೊಡಗಿದೆ. ಟ್ಯಾಂಕು ತುಂಬಿ ಹರಿದ ದಿನದ ಸಿಟ್ಟಿರಬಹುದೇ? ಸುಮಾ ರೊಟ್ಟಿ ಬಡಿಯುವ ಸದ್ದಿಗೆ ಬೇಸತ್ತಿದ್ದಾರೆಯೇ? ಮನೆ ಬಿಡಿಸುವ ಯೋಚನೆಯಿರಬಹುದೇ?

"ನಾನಽ ಒಂದ್ ಮಾತು ನೆನಪ ಮಾಡ್ಲೇನು?" ಎಂದೆ.

"ಕರೀರಿ ಅಂತ ಕೇಳಿ ಕರಿಸ್ಕೋತಾರೇನ್ರೀ ಯಾರರ?" ಸುಮಾ ಸಿಡುಕಿದಳು. "ಅಷ್ಟು ದಿನ ಬಾಜೂಕ ಕುಂತು ಗುಂಡಿ ಒತ್ತಿದ್ರಿ. ಆ ಮೇಸ್ತ್ರಿನ್ನಽ ಕೇಳ್ರಿ, ನಮ್ಮನ್ಯಾಕ ಬಿಟ್ಟಾನಂತ."

ಈಗ ನಾವಿರುವುದು ಹೆಬ್ಬಾಳದ ಅಪಾರ್ಟ್‌ಮೆಂಟಿನಲ್ಲಿ. ಇಲ್ಲಿ ಮದುವೆ, ಗೃಹಪ್ರವೇಶದ ಕರೆಗಳೆಲ್ಲ ಲಿಫ್ಟ್ ಕೆಟ್ಟಿರುವ ಸುದ್ದಿಯ ಜೊತೆಗೇ ಗ್ರೂಪಿನಲ್ಲಿ ಬಂದು ಬೀಳುತ್ತವೆ. ನಾವು ಮನೆ ಬಿಡುವಾಗ ಜಯಮ್ಮ ಮೈಸೂರಿಗೆ ಲತಾಳ ಬಾಣಂತನಕ್ಕೆ ಹೋಗಿದ್ದರು. ಕೀಲಿಕೈಯನ್ನು ಯಜಮಾನರಿಗೆ ಕೊಟ್ಟು ಬಂದೆ. ಮತ್ತೆ ಭೇಟಿಯಾಗಿಲ್ಲ. ಅವರನ್ನು ನೆನೆದರೆ ಕಣ್ಣಿಗೆ ಕಟ್ಟುವುದು ಆ ಮದುವೆಯ ಬೆಳಗ್ಗೆ.

ಎಲ್ಲರೂ ಛತ್ರಕ್ಕೆ ಹೋಗಿ ಮನೆ ಬಿಕೋ ಎನ್ನುತ್ತಿತ್ತು. ನಾವು ಉಪ್ಪಿಟ್ಟು ತಿನ್ನುತ್ತಿದ್ದೆವು. ಕೆಳಗೆ ಯಜಮಾನರ ಸ್ಕೂಟರ್ ಬಂದು ನಿಂತಿತು. ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು, ಏದುಸಿರು ಬಿಡುತ್ತ, ವಧುವಿನ ತಾಯಿ ಬಾಗಿಲಲ್ಲಿ ನಿಂತಿದ್ದರು.

"ಏನ್ ಪಾಟೀಲ್ರೇ ಇದು? ಛತ್ರದಲ್ಲಿ ಹುಡುಕಿ ಹುಡುಕಿ ಸಾಕಾಯ್ತು. ಇಲ್ಲಿ ಉಪ್ಪಿಟ್ಟು ತಿಂತಾ ಕುಂತವ್ರೆ!"

ನಾನು ತಟ್ಟೆ ನೋಡಿಕೊಂಡೆ. ಸುಮಾ ಮೆಲ್ಲಗೆ, "ನೀವು ಕರೀಲಿಲ್ಲಲ್ರೀ ಅಮ್ಮಾ," ಎಂದಳು.

"ಕರೀದೆ ಏನು? ಒತ್ತಿ ಆಗೈತಲ್ಲ!" ಎಂದು ಫೋನು ತೆಗೆದರು. ಕರೆದಾದ ಮನೆಗಳಲ್ಲಿ ನಮ್ಮದು ಎಲ್ಲರಿಗಿಂತ ಮೊದಲಿತ್ತು, ಮನೆದೇವರಿಗಿಂತಲೂ. ಅವರ ಮುಖ ನಿಧಾನವಾಗಿ ಬದಲಾಯಿತು. ಗುಂಡಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ಮೊಟ್ಟಮೊದಲ ದಿನ ಒತ್ತಿ ನೋಡಿದ್ದು ನಮ್ಮ ಹೆಸರನ್ನೇ. ನಾನೂ ಪಕ್ಕದಲ್ಲೇ ಇದ್ದೆ. ಹೋಯಿತು, ಹೋಯಿತು ಎಂದು ಖುಷಿಪಟ್ಟವನೂ ನಾನೇ.

ಮೇಸ್ತ್ರಿಯನ್ನು ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ನಂದೇ ತಪ್ಪು," ಎಂದರು. ನಮ್ಮ ದೇವರ ಗೂಡಿನಿಂದ ಕುಂಕುಮದ ಬಟ್ಟಲನ್ನು ತಾವೇ ತಂದು, ಸುಮಾಳ ಹಣೆಗಿಟ್ಟು, ಕೈಮುಗಿದು ನಿಂತು, ಮೊದಲ ಮನೆಯನ್ನು ಕರೆದಷ್ಟೇ ಸಾವಕಾಶವಾಗಿ ಹೇಳಿದರು: "ನಮ್ ಲತನ್ ಮದ್ವೆ. ಇವತ್ತೇ. ಮನೆಮಂದಿಯೆಲ್ಲ ಬಂದು ಆಶೀರ್ವಾದ ಮಾಡ್ಬೇಕು."

"ಅಮ್ಮಾ, ಧಾರಿ ಹೊತ್ತು ಮೀರೂದಿಲ್ಲೇನ್ರೀ?" ನಾನು ಹೌಹಾರಿದೆ. "ಧಾರೀ ಎರೆಯೋ ಇಬ್ಬರೂ ಇಲ್ಲೇ ಅದೀರಿ!"

"ನಾವಿಲ್ದೆ ಯಾರು ಎರೀತಾರೆ? ಕಾಯ್ತಾರೆ ಬುಡಿ. ನೀವು ಕೈ ತೊಳ್ಕಳಿ," ಎಂದು ಜಯಮ್ಮ ಮೆಟ್ಟಿಲಿಳಿದು ಹೋದರು.