ಮಾಸ್ತರರು ಎಳೆದ ಪೆನ್ಸಿಲ್ ಗೆರೆಗಳು

ಮೊನ್ನೆ ಹಳೆಯ ಟ್ರಂಕು ತೆರೆದಾಗ ಒಣಗಿದ ಬೇವಿನ ಎಲೆಯ ವಾಸನೆ ಮೂಗಿಗೆ ಬಡಿಯಿತು. ತಳದಲ್ಲಿ ಮಾಸ್ತರರ ನೋಟ್‌ಬುಕ್ಕು. ಹುಳ ಹತ್ತದಿರಲೆಂದು ಹಾಳೆಗಳ ನಡುವೆ ಬೇವಿನೆಲೆ ಇಡುತ್ತಿದ್ದವರು ಅವರೇ…

ಎಪ್ಪತ್ತರ ದಶಕದ ಮಾತು. ಅವರು ಸಿಂದಗಿಯಲ್ಲಿ ನನಗೆ ಇಂಗ್ಲಿಷ್ ಕಲಿಸಿದವರು. ನಮ್ಮದು ದೇವಣಗಾಂವದ ಕುರಿ ಕಾಯುವ ಮನೆತನ. ಅದರಲ್ಲಿ ಮೊದಲ ಪದವೀಧರ ನಾನು. ಹಾಗೆಂದು ಹೇಳಿಕೊಳ್ಳಲು ಈಗಲೂ ಸಂಕೋಚವಿಲ್ಲ.

ಮಾಸ್ತರರು ಮೊದಲು ಸೈನ್ಯದಲ್ಲಿದ್ದರು. ಜಮ್ಮುವಿನ ಹಳ್ಳಿಗಳಲ್ಲಿ ಅಲ್ಲಿಯವರ ಡೋಗ್ರಿ ಭಾಷೆ ಕಲಿತಿದ್ದರು. ಆಮೇಲೆ ಪುಣೆಯ ರದ್ದಿ ಅಂಗಡಿಯಲ್ಲಿ ಅವರಿಗೆ ಕೆಚುವಾ ಭಾಷೆಯ ಪುಸ್ತಕವೊಂದು ಸಿಕ್ಕಿತು. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟದವರ ಮಾತು ಅದು. ಅಲ್ಲಿ ಕುಸ್ಕೋ ಊರ ಕಡೆಯವರು ಕೆಲವು ಅಕ್ಷರಗಳನ್ನು ಗಂಟಲು ಬಿಗಿದು ಸಿಡಿಸುತ್ತಾರಂತೆ, ಅಯಾಕುಚೋ ಕಡೆ ಆ ಸಿಡಿತವೇ ಇಲ್ಲವಂತೆ. ಡೋಗ್ರಿಯಲ್ಲಿ ದನಿ ಏರಿದರೆ ಒಂದು ಅರ್ಥ, ಇಳಿದರೆ ಇನ್ನೊಂದು. ಆ ಏರಿಳಿತವೂ ಊರಿಂದೂರಿಗೆ ಬೇರೆ. ಈ ಎರಡು ಭಾಷೆಗಳ ಒಳನುಡಿಗಳನ್ನು ಪಕ್ಕಪಕ್ಕ ಇಟ್ಟು ಪುಸ್ತಕ ಬರೆಯಬೇಕೆಂಬುದೊಂದೇ ಅವರ ಹಂಬಲ.

"ಇಂಡಿ ಊರಾಂವ ಬಾಯಿ ಬಿಟ್ರ ಮುದ್ದೇಬಿಹಾಳದವ ನಗ್ತಾನ. ಅಲ್ಲಿ ಬೆಟ್ಟದಾಗೂ ಹಂಗ ಐತಿ, ತಮ್ಮಾ," ಎನ್ನುತ್ತಿದ್ದರು.

ಅವರ ಹೆಂಡತಿ ಚಹಾ ಇಡುತ್ತ ಚುಚ್ಚುವರು: "ನಿಮ್ಮ ಕೆಚುವಾ ಕೇಳಿ ಇಂಡಿ ಸಂತ್ಯಾಗ ಯಾರರೆ ಒಂದು ಲಿಂಬಿಕಾಯಿ ಕೊಡ್ತಾರೇನ್ರಿ?"

ಅಷ್ಟರಲ್ಲಿ ಅವರ ಗಂಟಲಲ್ಲಿ ಗಡ್ಡೆ ಎದ್ದಿತು. ದನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು ಮಿರಜದ ಡಾಕ್ಟರು.

"ಕೆಚುವಾ ನಾ ಬರೇ ಓದೇನಿ. ಡೋಗ್ರಿ ಕಿವಿಲೆ ಕೇಳೇನಿ. ಅದರ ಏರಿಳಿತಕ್ಕ ಗೆರಿ ಎಳದು ಬರದ್ರೂ ದನಿ ಹಾಳ್ಯಾಗ ನಿಲ್ಲಂಗಿಲ್ಲ. ನಿನ್ನ ಬಾಯಾಗ ಇಟ್ಟು ಹೋಗ್ತೇನಿ. ಆಪರೇಶನ್ನಿಗೆ ಇನ್ನೂ ನಾಕು ರವಿವಾರ ಅದಾವ. ಬರ್ತೀಯೇನು?" ಎಂದು ಮಾಸ್ತರರು ನನ್ನನ್ನು ಕೇಳಿದರು.

"ಬರ್ತೇನ್ರಿ ಸರ್."

ಎರಡು ರವಿವಾರ ಹೋದೆ. ಅಷ್ಟೊತ್ತಿಗೆ ಬಸವನ ಬಾಗೇವಾಡಿಯ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಸಿಕ್ಕಿತು. ಹೊಸ ಪ್ಯಾಂಟು ಹೊಲಿಸಿಕೊಂಡು ನೆಂಟರ ಮನೆಗಳನ್ನು ಸುತ್ತಿದೆ. ಮೂರನೆಯ ವಾರ ತಪ್ಪಿತು. ನಾಲ್ಕನೆಯದೂ…

ಕೊನೆಗೆ ಹೋದಾಗ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು ಹೊರಸಿನ ಮೇಲೆ ಕೂತಿದ್ದರು. ಬಟ್ಟೆಯ ಹಿಂದಿನ ತೂತಿನಿಂದ ಉಸಿರು ಸುಯ್ಯೆನ್ನುತ್ತಿತ್ತು. ಬೈಯಲು ಅವರಿಗೆ ದನಿಯಿರಲಿಲ್ಲ. ನೋಟ್‌ಬುಕ್ಕು ತೆರೆದು ಡೋಗ್ರಿಯ ಒಂದು ಸಾಲಿನ ಮೇಲೆ ಬೆರಳಿಟ್ಟರು. ಓದಿದೆ. ಅಲ್ಲವೆಂದು ತಲೆಯಾಡಿಸಿದರು. ಕೈಯೇರಿಸಿ, ಇಳಿಸಿ ತೋರಿಸಿದರು. ಮತ್ತೆ ಓದಿದೆ. ಅಲ್ಲ. ಮತ್ತೆ… ಎಷ್ಟು ತಿಣುಕಿದರೂ ನನ್ನ ಬಾಯಿಂದ ದೇವಣಗಾಂವದ ದನಿಯೇ ಹೊರಡುತ್ತಿತ್ತು.

"ಸಾಕು ಮಾಡ್ರಿ. ಪಾಪ, ಬೆವರಾಕತ್ತಾನ," ಎಂದರು ಅವರ ಹೆಂಡತಿ.

ಇನ್ನೊಮ್ಮೆ ಓದಿದೆ. ಮಾಸ್ತರರು ಹೌದೆಂಬಂತೆ ತಲೆದೂಗಿದರು. ಬೆನ್ನು ತಟ್ಟಿ, ನೋಟ್‌ಬುಕ್ಕು ನನ್ನ ಕೈಗಿಟ್ಟರು. ಆ ಮಳೆಗಾಲ ಅವರು ದಾಟಲಿಲ್ಲ.

ಮೊನ್ನೆ ಅದೇ ಸಾಲನ್ನು ಗಟ್ಟಿಯಾಗಿ ಓದಿದೆ. ಪೆನ್ಸಿಲಿನ ಗೆರೆ ಏರಿದೆ, ಇಳಿದಿದೆ. ಎಷ್ಟು ಏರಬೇಕು, ಎಲ್ಲಿ ಇಳಿಯಬೇಕು, ಹೇಳುವವರಿಲ್ಲ. ಅಂದು ನಾನು ಕೊನೆಗೆ ಓದಿದ್ದೂ ಅದೇ ದೇವಣಗಾಂವದ ದನಿಯಲ್ಲಿ; ಅದೂ ತಪ್ಪೇ. ಅದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ತಲೆದೂಗಿದರು.