ವಕೀಲ ಕಾಕಾರ ಕಪ್ಪು ಬೆಳ್ಳಿ

ಗಡಿಯಾರ ರಿಪೇರಿಯವರು ಹಾಕಿಕೊಳ್ಳುವ ಭೂತಗನ್ನಡಿಯನ್ನು ಬಲಗಣ್ಣಿಗೆ ಸಿಕ್ಕಿಸಿಕೊಂಡು ಎಡಗಣ್ಣು ಮುಚ್ಚಿದರೆ, ವಕೀಲ ಕಾಕಾರ ಅರ್ಧ ಮುಖ ನಕ್ಕಂತೆ, ಅರ್ಧ ಅತ್ತಂತೆ ಕಾಣುತ್ತಿತ್ತು. ನಿಲಂಗಾದಲ್ಲಿ ನನ್ನ ತವರುಮನೆಯ ಪಕ್ಕದ ಮನೆ ಅವರದು. ಹಗಲೆಲ್ಲ ಕೋರ್ಟಿನಲ್ಲಿ ಹೊಲದ ಬದುವಿನ ಜಗಳ, ಸಂಜೆಗೆ ಪ್ರಾಚೀನ ರೋಮಿನ ಬೆಳ್ಳಿ ನಾಣ್ಯ. ಅದೂ ಯುದ್ಧ ಗೆದ್ದ ನೆನಪಿಗೆ ಹಾಕಿಸಿದವು ಮಾತ್ರ. ಮುಂಬಯಿಯ ಹರಾಜಿನಲ್ಲಿ ರಸೀದಿ ಸಮೇತ ಕೊಂಡು ತರುತ್ತಿದ್ದರು. ನಾಣ್ಯದ ಮೇಲಿನ, ಹೂಮಾಲೆ ಹಿಡಿದ ರೆಕ್ಕೆಯ ವಿಜಯದೇವತೆಯನ್ನು ತೋರಿಸಿ, "ನೋಡವ್ವಾ, ಈ ರಾಜಗೋಳು ಸತ್ತ ಮ್ಯಾಲೂ ಗೆದ್ದೀನಿ ಗೆದ್ದೀನಿ ಅಂತ ಒದರೂದು ಬಿಟ್ಟಿಲ್ಲ" ಎಂದು ನಗುತ್ತಿದ್ದರು. ಹೊಟ್ಟೆಕಿಚ್ಚೂ ಇರಬೇಕು. ಅವರು ಗೆದ್ದ ಕೇಸುಗಳು ಅಷ್ಟಕ್ಕಷ್ಟೆ.

ನಾಣ್ಯಗಳನ್ನು ತೊಳೆಯಲು ಯಾರಿಗೂ ಬಿಡುತ್ತಿರಲಿಲ್ಲ. ಆ ಕಪ್ಪೇ ಅವುಗಳ ವಯಸ್ಸು ಅನ್ನುತ್ತಿದ್ದರು. ಕಳ್ಳರ ಭಯಕ್ಕೆ ಒಮ್ಮೆ ಎಲ್ಲವನ್ನೂ ಗಂಟು ಕಟ್ಟಿ, ತಮ್ಮ ತಾಯಿಯ ಹಳೆ ಬೆಳ್ಳಿ ಸಾಮಾನಿನ ಡಬ್ಬಿಯಲ್ಲಿಟ್ಟರು. ಹೆಂಡತಿಗೂ ಹೇಳಲಿಲ್ಲ.

ನಾನು ಕೂಸಿನೊಂದಿಗೆ ತವರಿನಲ್ಲಿದ್ದಾಗ, ನನ್ನ ಮಗಳ ಕೊರಳಿಗೆ ಕಟ್ಟುವ ಲಿಂಗದ ಕರಡಿಗೆಯನ್ನು ತಾವೇ ಮಾಡಿಸುವುದಾಗಿ ಕಾಕಾರ ಹೆಂಡತಿ ಕಾಕು ಹಟ ಹಿಡಿದಿದ್ದರು. ಹಿರಿಯರ ಬೆಳ್ಳಿ ಕರಗಿಸಿ ಮಾಡಿಸಿದರೆ ಕೂಸಿಗೆ ಒಳ್ಳೆಯದೆಂದು ಅವರ ನಂಬಿಕೆ. ಕಾಕಾ ಉದಗೀರಿಗೆ ಹೋಗಿದ್ದ ದಿನ ಡಬ್ಬಿಯಲ್ಲಿದ್ದ ಮುರಿದ ಕಾಲುಂಗುರ, ಗಂಟಿನಲ್ಲಿದ್ದ ಕಪ್ಪು ಬಿಲ್ಲೆ ಎಲ್ಲವನ್ನೂ ಅಕ್ಕಸಾಲಿಗನಿಗೆ ಕೊಟ್ಟು ಬಂದರು.

ಮರುದಿನ ವಿಷಯ ಕೇಳಿದ ಕಾಕಾ ಚಹಾ ಬಿಟ್ಟು ಎದ್ದರು. "ಕರಗಿಸ್ಯಾನೇನೇ?"

"ನನಗೇನ್ ಗೊತ್ತರೀ! ನಿಮ್ಮವ್ವನ ಹಳೀ ಬಿಲ್ಲಿ ಅಂದಕೊಂಡೆ."

ಕಾಕಾ ಬರಿಗಾಲಲ್ಲೇ ಓಡಿದರು. ಮಗಳನ್ನು ಅವ್ವನ ಕೈಗೆ ಕೊಟ್ಟು ನಾನೂ ಕಾಕುವೂ ಹಿಂದೆ ಓಡಿದೆವು. ಅಕ್ಕಸಾಲಿಗ ತನ್ನ ಮನೆಯ ಕಟ್ಟೆಯ ಮೇಲೆ ಆರಾಮಾಗಿ ಕೂತಿದ್ದ.

"ಇವತ್ತ ಅಮಾಸಿ ಅದರೀ ವಕೀಲಸಾಹೇಬ್ರ. ನಮ್ಮ ಮಂದಿ ಅಗ್ಗಿಷ್ಟಿಗಿ ಹಚ್ಚೂದಿಲ್ಲ. ನಾಳಿಗಿ ಮುಂಜಾನೆ ಕರಗಿಸ್ತೀನಿ, ತಗೋರಿ."

ಕಾಕಾ ಅವನ ಪಕ್ಕವೇ ಕೂತು, "ದೇವರಂಥ ಅಮಾಸಿ" ಎಂದರು.

ಕಾಕಾ ಗಂಟು ಬಿಚ್ಚಿ ಒಂದೊಂದನ್ನೇ ಮುಟ್ಟಿ ನೋಡಿದರು. ಒಂದು ನಾಣ್ಯದ ಮೇಲೆ ಬೆರಳು ನಿಂತಿತು. ಗೆದ್ದವರು ನೆಟ್ಟ ಆಯುಧಗಳ ಕಂಬ, ಅದರ ಕೆಳಗೆ ತಲೆಗೆ ಕೈ ಹಚ್ಚಿ ಕೂತ ಹೆಂಗಸು. ಸೋತ ದೇಶವನ್ನು ಹಾಗೆ ತೋರಿಸುತ್ತಿದ್ದರಂತೆ. ಆ ನಾಣ್ಯಕ್ಕಾಗಿ ಕಾಕಾ ಎಷ್ಟೋ ವರ್ಷ ಕಾದಿದ್ದರು. ಬಹಳ ಹೊತ್ತು ನೋಡಿ, ಅದನ್ನು ಅಕ್ಕಸಾಲಿಗನ ಕೈಗಿಟ್ಟರು.

"ಇದೊಂದು ಕರಗಿಸಿ ಕರಡಿಗಿಗಿ ಹಾಕು."

"ಯಾಕ್ರೀ? ಈಗರೆ ಉಳದದಲ್ಲ!" ಕಾಕು ಗಾಬರಿಯಾದರು.

"ಎರಡು ಸಾವಿರ ವರ್ಷ ಅಳಕೋತ ಕುಂತಾಳ. ಇನ್ನ ಏಳ್ಲಿ."

ಕಾಕಾ ಈಗಿಲ್ಲ. ಅವರ ಋಣ ನನ್ನಿಂದ ತೀರುವಂಥದ್ದಲ್ಲ. ರೆಕ್ಕೆಯ ದೇವತೆಗಳೆಲ್ಲ ಅವರ ಮಗನ ಬ್ಯಾಂಕ್ ಲಾಕರಿನಲ್ಲಿ ಬೀಗ ಹಾಕಿಸಿಕೊಂಡು ಕೂತಿವೆ. ಆ ಹೆಂಗಸು ಮಾತ್ರ ಕರಡಿಗೆಯಾಗಿ ನನ್ನ ಮಗಳ ಎದೆಯ ಮೇಲೆ ದಿನವಿಡೀ ಅಂಗಳದಲ್ಲಿ ಓಡುತ್ತಿದ್ದಾಳೆ.